ಮೇವಿಸ್ ತಪ್ಪು ಕಣಿವೆಗೆ ಇಳಿದದ್ದು

ಕ್ರಿಸ್‌ಮಸ್ ಮುಗಿದು ಹೊಸ ವರ್ಷ ಹುಟ್ಟಿದ ವಾರದಲ್ಲೇ ಜಾಸ್ ಮೌನ್ಸಿ ಕಾಲು ಮುರಿದುಕೊಂಡ. ಲ್ಯಾಂಗ್‌ಡೇಲ್ ಕಣಿವೆಯ ಸುತ್ತಲಿನ ಬೆಟ್ಟಗಳನ್ನು ಬಿಸಿಲು ಮಳೆ ನೋಡದೆ ಹತ್ತಿ ಇಳಿದಿದ್ದ ಮನುಷ್ಯ ಅವನು. ಗುಡ್ಡದ ಮೇಲೆ ಕಲ್ಲುಗೋಡೆ ಕಟ್ಟುವುದೇ ಅವನ ಕಸುಬು. ಅಂಥವನು ಒಲೆಯ ಬೂದಿ ಚೆಲ್ಲಲು ಹೊರಟು, ತನ್ನದೇ ಮನೆಯ ಮೆಟ್ಟಿಲ ಮೇಲೆ ಹೆಪ್ಪುಗಟ್ಟಿದ್ದ ನೀರಿಗೆ ಜಾರಿ, ಬೂದಿಯ ಬಕೆಟ್ಟಿನ ಸಮೇತ ಅಂಗಳಕ್ಕೆ ಬಿದ್ದ. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು, ಕಾಲು ನೋಡಿ, ಮೆಟ್ಟಿಲನ್ನೂ ನೋಡಿ, ನಗು ತಡೆದುಕೊಂಡು ಹೋದರು.

ಜಾಸನ ಹೆಂಡತಿ ಮೇವಿಸ್ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಳು. ವಯಸ್ಸು ಐವತ್ತೆಂಟು, ಸಣ್ಣ ಆಳು, ಗಟ್ಟಿ ಕಾಲು. ಮದುವೆಯಾದ ಲಾಗಾಯ್ತು ಪ್ರತಿ ಚಳಿಗಾಲದಲ್ಲೂ ಗಂಡನ ಜೊತೆ ಬೆಟ್ಟ ಹತ್ತಿದ್ದಳು. ಜೊತೆ ಅನ್ನುವುದಕ್ಕಿಂತ ಹಿಂದೆ ಅನ್ನಬೇಕು. ಜಾಸ್ ಮುಂದೆ, ಅವಳು ಹಿಂದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಚಹಾ ಕುಡಿಯಬೇಕು, ಯಾವ ಕಡೆ ನೋಡಬೇಕು, ಎಲ್ಲ ಅವನದೇ ತೀರ್ಮಾನ.

ಆ ಶನಿವಾರ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದಾಗ ಕಣಿವೆ ತುಂಬ ಮಂಜು. ಅಂಗಳದ ತಂತಿಯ ಮೇಲೆ ಮರೆತುಬಿಟ್ಟಿದ್ದ ಜಾಸನ ಅಂಗಿ ಹಪ್ಪಳದಂತೆ ಸೆಟೆದು ನಿಂತಿತ್ತು. ಗಾಳಿ ಒಂದಿಷ್ಟೂ ಇಲ್ಲ. ಮೇವಿಸ್ ಕತ್ತೆತ್ತಿ ಬೆಟ್ಟದ ಕಡೆ ನೋಡಿದಳು.

"ಇಂಥ ದಿನ ಮೇಲೆ ಬಿಸಿಲಿರುತ್ತೆ, ಅಲ್ವಾ?" ಅಂದಳು.

ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದ ಜಾಸ್ ನಿಟ್ಟುಸಿರು ಬಿಟ್ಟ. "ಬಿಸಿಲೇನು, ಸ್ವರ್ಗಾನೇ ಇರುತ್ತೆ. ನನ್ನ ಹಣೇಲಿ ಬರೆದಿಲ್ಲ ನೋಡು."

"ನನ್ನ ಹಣೇಲಿ ಬರೆದಿದೆಯೋ ಏನೋ. ನಾನು ಹೋಗಿ ಬರ್ತೀನಿ."

"ಯಾರ ಜೊತೆ?"

"ನನ್ನ ಜೊತೆ."

ಜಾಸ್ ಎದ್ದು ಕೂರಲು ಹೋಗಿ, ಕಾಲು ನೆನಪಾಗಿ, ಮತ್ತೆ ಒರಗಿದ. "ನೀನೊಬ್ಳೇನಾ? ಲೇ ಹುಡುಗಿ, ನಿಂಗೆ ದಾರಿ ಗೊತ್ತೇನೇ?"

"ಎಷ್ಟು ಸಲ ಹೋಗಿದ್ದೀನಿ!"

"ಹೋಗಿದ್ದೀಯ, ಸರಿ. ದಾರಿ ನೋಡಿದ್ದೀಯ? ಮಾತಾಡ್ತಾ ಬಂದಿದ್ದೀಯ ಅಷ್ಟೆ."

ಮೇವಿಸ್ ಫ್ಲಾಸ್ಕಿಗೆ ಚಹಾ ಸುರಿದಳು. ಶುಂಠಿ ಬ್ರೆಡ್ಡಿನ ದಪ್ಪ ತುಂಡು, ಚೀಸು, ಟಾರ್ಚು, ಉಣ್ಣೆಯ ಎರಡನೇ ಜೊತೆ ಕಾಲುಚೀಲ ಚೀಲಕ್ಕೆ ಸೇರಿದವು. ಜಾಸ್ ಮಲಗಿದ್ದಲ್ಲಿಂದಲೇ ಒಂದೊಂದನ್ನೂ ಜ್ಞಾಪಿಸಿದ. ಕೊನೆಗೆ ತನ್ನ ದಿಕ್ಸೂಚಿಯನ್ನು ಕೈಗಿತ್ತು, "ಮೂರು ಕೊಳದ ತನಕ ಹೋಗು, ಚಹಾ ಕುಡಿ, ಬಂದ ದಾರೀಲೇ ಇಳಿ. ಮಂಜು ಬಂದ್ರೆ ಮುಳ್ಳು ನೋಡ್ಕೋ. ಆದ್ರೆ ಅಲ್ಲಿ ಕೆಲವು ಬಂಡೇಲಿ ಕಬ್ಬಿಣದ ಅಂಶ ಇದೆ, ಮುಳ್ಳು ಒಂದೊಂದ್ಸಲ ಸುಳ್ಳು ಹೇಳುತ್ತೆ" ಅಂದ. ಆ ಕೊನೆಯ ಮಾತೊಂದನ್ನು ಅವನು ಆಡದೆ ಇದ್ದಿದ್ದರೆ ಚೆನ್ನಾಗಿತ್ತು.

ಹೊಲದ ದಾರಿಯ ಕೆಸರೆಲ್ಲ ಕಲ್ಲಾಗಿತ್ತು. ಗಾಡಿಯ ಚಕ್ರ ಬಿಟ್ಟ ಹಳ್ಳಗಳ ಮೇಲೆ ತೆಳ್ಳನೆಯ ಬಿಳಿ ಮಂಜುಗಡ್ಡೆ ಕಟ್ಟಿತ್ತು. ಮೇವಿಸ್ ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಒಂದನ್ನು ಬೂಟಿನಿಂದ ಒಡೆದಳು. ಚಟಾರ್! ಗಾಜಿನಂತೆ ಸಿಡಿಯಿತು. ಅಲ್ಲಿಂದ ಮುಂದೆ ಒಂದನ್ನೂ ಬಿಡಲಿಲ್ಲ. ಜಾಸ್ ಜೊತೆಗಿದ್ದಿದ್ದರೆ, "ಏನೇ ಮಕ್ಕಳಾಟ" ಅನ್ನುತ್ತಿದ್ದ, ಹೆಜ್ಜೆ ನಿಲ್ಲಿಸುತ್ತಿರಲಿಲ್ಲ.

ಬ್ಯಾಂಡ್ ಎಂದು ಅಲ್ಲಿಯವರು ಕರೆಯುವ, ಬೆನ್ನೆಲುಬಿನಂಥ ಉದ್ದನೆಯ ಏಣು ಬೋಫೆಲ್ ಬೆಟ್ಟದ ಭುಜದವರೆಗೂ ಏರುತ್ತಾ ಹೋಗುತ್ತದೆ. ಮಂಜಿನೊಳಗೆ ಮೂರು ಮಾರು ಮುಂದಿನದೂ ಕಾಣದು. ಒಣಗಿದ ಜರಿಗಿಡದ ಒಂದೊಂದು ಎಲೆಗೂ ಬಿಳಿ ಅಂಚು ಕಟ್ಟಿತ್ತು. ಅವಳ ಕಣ್ಣರೆಪ್ಪೆಯ ಮೇಲೂ ಹಿಮ ಕೂತಿತು. ಏದುಸಿರು, ಬೂಟಿನ ಕೆಳಗೆ ಕರಕರ ಸದ್ದು, ಮತ್ತೇನೂ ಇಲ್ಲ. ಸುಸ್ತಾದಾಗ ನಿಂತಳು. ನಿಲ್ಲಬೇಕೆನಿಸಿದಾಗ ನಿಲ್ಲಬಹುದು ಅನ್ನುವುದೇ ಒಂದು ಹೊಸ ರುಚಿಯಾಗಿತ್ತು.

ಹಾಗೆ ಹತ್ತುತ್ತಿರುವಾಗ ಮಂಜಿಗೆ ಬಣ್ಣ ಬಂತು. ಬೂದಿ ಹೋಗಿ ಮುತ್ತಿನ ಬಣ್ಣ, ಮುತ್ತಿನಿಂದ ಹಳದಿ. ಇನ್ನೂ ನಾಲ್ಕು ಹೆಜ್ಜೆ, ತಲೆ ಹೊರಬಂತು, ಭುಜ ಬಂತು, ನೀರಿನಿಂದ ಮೇಲೆದ್ದವಳಂತೆ ಇಡೀ ಮೇವಿಸ್ ಬಿಸಿಲಿಗೆ ಬಂದಳು.

"ಅಯ್ಯೋ ದೇವರೇ!" ಎಂದು ಕೂಗಿಯೇಬಿಟ್ಟಳು.

ಕೆಳಗೆ ಲ್ಯಾಂಗ್‌ಡೇಲ್ ಇರಲಿಲ್ಲ. ಊರಿಲ್ಲ, ಶಾಲೆಯಿಲ್ಲ, ರಸ್ತೆಯಿಲ್ಲ. ಹಾಲು ಉಕ್ಕಿ ಕಣಿವೆಗಳನ್ನೆಲ್ಲ ತುಂಬಿ ನಿಂತಂತೆ ಬಿಳಿಯ ಸಮುದ್ರ. ಅದರೊಳಗಿಂದ ಬೆಟ್ಟಗಳ ನೆತ್ತಿಗಳು ಮಾತ್ರ ನಡುಗಡ್ಡೆಗಳ ಹಾಗೆ ಎದ್ದಿದ್ದವು. ಆಕಾಶದ ನೀಲಿ ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಮುಂದಿನ ದಾರಿಯುದ್ದಕ್ಕೂ ಕಲ್ಲುಕಲ್ಲಿಗೂ ಗಾಳಿ ಬೀಸಿದ ಕಡೆಗೆ ಬೆರಳುದ್ದ ಹಿಮದ ಗರಿಗಳು ಬೆಳೆದಿದ್ದವು. ಮೇವಿಸ್ ಒಂದು ಗರಿ ಮುರಿದು ನಾಲಿಗೆಯ ಮೇಲಿಟ್ಟುಕೊಂಡಳು. ಕಲ್ಲಿನ ರುಚಿ, ಚಳಿಯ ರುಚಿ.

ಬೆಟ್ಟದ ಭುಜದ ಮೇಲಿನ ಮೂರು ಕೊಳದ ಹತ್ತಿರ ಬಂದಾಗ ನೀರೆಲ್ಲ ಹೆಪ್ಪುಗಟ್ಟಿ ಕಪ್ಪು ಗಾಜಾಗಿತ್ತು. ಎಷ್ಟು ಗಟ್ಟಿಯಿದೆ ನೋಡೋಣವೆಂದು ಒಂದು ಚಪ್ಪಟೆ ಕಲ್ಲನ್ನು ಅದರ ಮೇಲೆ ಬೀಸಿದಳು. ಕಲ್ಲು ಪುಟಿಪುಟಿದು ಓಡಿತು, ಓಡುತ್ತಾ ಕೊಳ ಹಾಡಿತು! ಪಿಯೂಂ, ಪಿಯೂಂ, ಪಿಯೂಂ ಎಂದು, ಹೆಸರಿಲ್ಲದ ಯಾವುದೋ ಹಕ್ಕಿ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡಿರುವಂತೆ. ಮೇವಿಸಳ ಮೈ ಜುಮ್ಮೆಂದಿತು. ಇನ್ನೊಂದು ಕಲ್ಲು. ಸಣ್ಣದಕ್ಕೆ ಸಣ್ಣ ದನಿ, ದೊಡ್ಡದಕ್ಕೆ ಕೊಳದ ಹೊಟ್ಟೆಯೊಳಗಿಂದ ಗುಂಯ್ ಎನ್ನುವ ಸದ್ದು. ಚಹಾ ಮರೆತಳು, ಹೊತ್ತು ಮರೆತಳು. ಶಾಲೆಯಲ್ಲಿ ಊಟದ ತಟ್ಟೆ ಎಸೆದಾಡುವ ಮಕ್ಕಳನ್ನು ಗದರಿಸುವ ಹೆಂಗಸು ಅಲ್ಲಿ ಕೋಟಿನ ಗುಂಡಿ ಬಿಚ್ಚಿಕೊಂಡು, ಕೆನ್ನೆ ಕೆಂಪಗಾಗಿಸಿಕೊಂಡು, ಕೊಳದಿಂದ ಕೊಳಕ್ಕೆ ಓಡಾಡಿ ಕಲ್ಲೆಸೆದಳು.

ಕಡೆಗೆ ಲ್ಯಾಂಗ್‌ಡೇಲ್ ಕಡೆಯ ಅಂಚಿಗೆ ಬಂದು ಚಹಾ ಕುಡಿಯುತ್ತಾ ನಿಂತಾಗ ಸೂರ್ಯ ಬೆನ್ನ ಹಿಂದೆ ವಾಲಿದ್ದ. ಎದುರಿನ ಬಿಳಿ ಮೋಡದ ಮೇಲೆ ಮನುಷ್ಯಾಕಾರದ ದೊಡ್ಡ ನೆರಳೊಂದು ಬಿದ್ದಿತ್ತು. ತಲೆಯ ಸುತ್ತ ಕಾಮನಬಿಲ್ಲಿನ ಉಂಗುರ. ಮೇವಿಸ್ ಬೆಚ್ಚಿ ಕೈ ಎತ್ತಿದಳು, ನೆರಳೂ ಎತ್ತಿತು. ಆಗ ಗೊತ್ತಾಯಿತು, ಅದು ತಾನೇ. ಜಾಸ್ ಇದನ್ನು ಬದುಕಿನಲ್ಲಿ ಒಂದೇ ಒಂದು ಸಲ ಕಂಡಿದ್ದ, ಆ ಕತೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಅವಳು ಎರಡೂ ಕೈ ಬೀಸಿದಳು, ಒಂಟಿ ಕಾಲಲ್ಲಿ ನಿಂತಳು, ಬಗ್ಗಿ ನಮಸ್ಕಾರ ಮಾಡಿದಳು. ಆ ಕಡೆಯ ದೈತ್ಯ ಮೇವಿಸ್ ಕೂಡ ಮರ್ಯಾದೆಯಿಂದ ಬಗ್ಗಿದಳು.

ಆ ಹೊತ್ತಿಗೆ ಕುರಿ ಅರಚಿತು.

ಸದ್ದು ಹಿಂದಿನಿಂದ, ಕೊಳಗಳ ಆಚೆಯಿಂದ ಬಂದಿತ್ತು. ಮೇವಿಸ್ ಬಂಡೆಗಳ ನಡುವೆ ಹುಡುಕುತ್ತಾ ಹೋಗಿ ಅಂಚೊಂದರಿಂದ ಬಗ್ಗಿ ನೋಡಿದಳು. ಎರಡಾಳು ಕೆಳಗೆ, ಮೇಜಿನಷ್ಟಗಲದ ಚಾಚುಗಲ್ಲಿನ ಮೇಲೆ ಬೂದುಬಣ್ಣದ ಕುರಿ ನಿಂತಿತ್ತು. ಬಿಳಿ ಮುಖ, ಪಕ್ಕೆಯ ಮೇಲೆ ಕೆಂಪು ಬಣ್ಣದ ಎರಡು ಪಟ್ಟಿ. ಹಸಿರು ಹುಲ್ಲಿನಾಸೆಗೆ ಕೆಳಗೆ ಜಿಗಿದು, ಹುಲ್ಲು ತಿಂದು ಮುಗಿಸಿ, ಮೇಲೆ ಬರಲಾರದೆ ಸಿಕ್ಕಿಕೊಂಡಿತ್ತು. ಅದರ ಆಚೆಗೆ ಬರೀ ಗಾಳಿ.

"ನಿಲ್ಲಮ್ಮಾ, ಅಲ್ಲಾಡಬೇಡ" ಎಂದಳು ಮೇವಿಸ್. ಒಬ್ಬಳೇ ಇಳಿಯುವ ಹುಚ್ಚು ಮಾಡಲಿಲ್ಲ. ಕೆಂಪು ಪಟ್ಟಿ ಯಾರ ಮಂದೆಯದೆಂದು ಊರಲ್ಲಿ ಕೇಳಿದರೆ ಗೊತ್ತಾದೀತು ಎಂದುಕೊಂಡು, ಜಾಗದ ಗುರುತಿಗೆ ಅಂಚಿನಲ್ಲಿ ನಾಲ್ಕು ಕಲ್ಲು ಪೇರಿಸಿದಳು. ತಲೆ ಎತ್ತಿದಾಗ ಸುತ್ತಲೂ ಬೆಳ್ಳಗೆ. ಮಂಜು ಸದ್ದಿಲ್ಲದೆ ಮೇಲೇರಿ ಬಂದಿತ್ತು.

ಕೊಳ ಎಲ್ಲಿ? ಬಂದದ್ದು ಯಾವ ಕಡೆಯಿಂದ? ಆ ಕಡೆ ಈ ಕಡೆ ಓಡಾಡಿ ಒಂದು ಕೊಳವನ್ನೇನೋ ಕಂಡುಹಿಡಿದಳು. ಅಲ್ಲಿಂದ ಕೆಳಗಿಳಿಯುವ ದಾರಿಯೂ ಸಿಕ್ಕಿತು. ದಿಕ್ಸೂಚಿ ತೆಗೆದಳು. ಮುಳ್ಳು ಹೇಳುವುದೇ ಬೇರೆ: ಮನೆಗೆ ಹೋಗಬೇಕಾದರೆ ತಿರುಗಿ ನಡೆ ಎನ್ನುತ್ತಿತ್ತು.

"ಕಬ್ಬಿಣ!" ಎಂದಳು ಮೇವಿಸ್ ಆತ್ಮವಿಶ್ವಾಸದಿಂದ. ದಿಕ್ಸೂಚಿಯನ್ನು ಜೇಬಿಗಿಳಿಸಿ ಇಳಿಯತೊಡಗಿದಳು.

ಇಳಿದಳು, ಇಳಿದಳು. ಒಂದು ತೊರೆ ಜೊತೆಯಾಯಿತು. ಅದರ ಅಂಚಿನ ಕಲ್ಲುಗಳಿಗೆಲ್ಲ ಗಾಜಿನ ಮಿಠಾಯಿ ಅಂಟಿಸಿದಂತೆ ಮಂಜುಗಡ್ಡೆ. ಎರಡು ಸಲ ಜಾರಿ ಕುಕ್ಕರಿಸಿ ಬಿದ್ದು, ಬಿದ್ದಲ್ಲೇ ನಕ್ಕಳು. ಬ್ಯಾಂಡಿನ ಏಣಿನ ಮೇಲೆ ತೊರೆ ಹೇಗೆ ಬಂತು ಎಂಬ ಪ್ರಶ್ನೆ ತಲೆಯಲ್ಲಿ ಎದ್ದಿತ್ತು. ಆದರೆ ಪ್ರಶ್ನೆ ಕೇಳುತ್ತಾ ನಿಲ್ಲುವಷ್ಟು ಬೆಳಕು ಉಳಿದಿರಲಿಲ್ಲ. ಮಂಜಿನಿಂದ ಕೆಳಗೆ ಬಂದಾಗ ಮಬ್ಬುಗತ್ತಲೆಯಲ್ಲಿ ಒಂದು ಕಲ್ಲು ಸೇತುವೆ, ಆಚೆ ಒಂದು ಒಕ್ಕಲುಮನೆ, ಕಿಟಕಿಯಲ್ಲಿ ದೀಪ. ಸೇತುವೆಯನ್ನೂ ಅವಳು ಹಿಂದೆ ಕಂಡಿರಲಿಲ್ಲ, ಮನೆಯನ್ನೂ ಕಂಡಿರಲಿಲ್ಲ.

ಅಂಗಳದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಗಂಡಸರ ಕೋಟು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ನಾಯಿಗೆ ಬೈಯುತ್ತಾ ಹುಲ್ಲು ಹೊರುತ್ತಿದ್ದಳು. ಹೆಟ್ಟಿ ಗ್ರೆಗ್ ಎಂದು ಅವಳ ಹೆಸರು.

"ನಮಸ್ಕಾರ" ಎಂದಳು ಮೇವಿಸ್. "ಇದು ಲ್ಯಾಂಗ್‌ಡೇಲಿನ ಯಾವ ಕಡೆ?"

ಹೆಟ್ಟಿ ಹುಲ್ಲಿನ ಹೊರೆ ಇಳಿಸಿದಳು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆಚೆ ಕಡೆ."

"ಯಾವುದರ ಆಚೆ?"

"ಬೆಟ್ಟದ್ದು. ಇದು ಎಸ್ಕ್‌ಡೇಲು ಕಣಮ್ಮ. ನಾನು ಹುಟ್ಟಿದಾಗಿಂದ ಎಸ್ಕ್‌ಡೇಲೇ. ನೀನು ಬರ್ತೀಯ ಅಂತ ಯಾರಾದ್ರೂ ಬದಲಾಯಿಸಿದ್ರೆ ನಂಗೆ ಗೊತ್ತಿಲ್ಲ."

ಮೇವಿಸ್ ತಿರುಗಿ ತಾನಿಳಿದು ಬಂದ ಬೆಟ್ಟವನ್ನು ನೋಡಿದಳು. ಹೆಟ್ಟಿಗೆ ನಗು ತಡೆಯಲಾಗಲಿಲ್ಲ. "ಒಳಗೆ ಬಾ, ಬಾ. ನೀನೇನು ಮೊದಲನೆಯವಳಲ್ಲ. ಬೇಸಿಗೇಲಿ ವಾರಕ್ಕೊಬ್ರು ಉದುರ್ತಾರೆ. ಚಳಿಗಾಲದಲ್ಲಿ ಮಾತ್ರ ನೀನು ಅಪರೂಪದ ಹಣ್ಣು."

ಒಳಗೆ ಒಲೆಯ ಬಳಿ ಹೆಟ್ಟಿಯ ಮಗ ಲಾಂಟಿ ಕೂತಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ನಿಲ್ಲುವಂಥ ಆಳು. ಮಾತು ಕಡಿಮೆ. ಎದ್ದು ಕುರ್ಚಿ ಬಿಟ್ಟುಕೊಟ್ಟ. ಆಗೆಲ್ಲ ಜೇಬಿನಲ್ಲಿ ಫೋನಿಟ್ಟುಕೊಂಡು ತಿರುಗುವ ಕಾಲವಲ್ಲ. ಹಜಾರದ ಗೋಡೆಯ ಫೋನಿನಿಂದ ಮೇವಿಸ್ ಮನೆಗೆ ಮಾತಾಡಿದಳು.

"ಎಲ್ಲಿದ್ದೀಯೇ?" ಜಾಸ್ ಕೂಗಿಕೊಂಡ. "ಇನ್ನೇನು ಬೆಟ್ಟಕ್ಕೆ ಹುಡುಕೋರನ್ನ ಕಳಿಸ್ತಿದ್ದೆ ನಾನು!"

"ಎಸ್ಕ್‌ಡೇಲಲ್ಲಿ."

ಆ ತುದಿಯಲ್ಲಿ ನಿಧಾನಕ್ಕೆ ಒಂದು ನಗು ಶುರುವಾಗಿ, ಕೆಮ್ಮಾಗಿ, ಕಾಲು ನೋವಿನ ಕೂಗಾಗಿ ಮುಗಿಯಿತು. "ಮುಳ್ಳು ಏನು ಹೇಳ್ತು?"

"ಸರಿಯಾಗೇ ಹೇಳ್ತು. ನಾನು ನಂಬಲಿಲ್ಲ."

"ನನ್ನ ಮಾತೂ ಹಂಗೇ ತಾನೆ, ಯಾವಾಗ ಕೇಳಿದ್ದೀಯ!"

"ನಿನ್ನ ಮಾತು ಕೇಳೇ ಇಲ್ಲಿಗೆ ಬಂದಿರೋದು ಕಣೋ! ಕಬ್ಬಿಣ ಅಂತೆ, ಕಬ್ಬಿಣ!"

ಎರಡು ಕಣಿವೆಗಳನ್ನು ಸೇರಿಸುವ ಘಾಟಿಯ ರಸ್ತೆ ಮಂಜುಗಡ್ಡೆಯಿಂದ ಮುಚ್ಚಿತ್ತು. ಕಾರಿನಲ್ಲಿ ಹೋಗುವುದಾದರೆ ಸಮುದ್ರತೀರದವರೆಗೆ ಹೋಗಿ ಜಿಲ್ಲೆಯನ್ನೇ ಸುತ್ತಿಕೊಂಡು ಬರಬೇಕು. "ಬೆಳಿಗ್ಗೆ ಲಾಂಟಿ ಬಿಟ್ಟು ಬರ್ತಾನೆ" ಎಂದು ಹೆಟ್ಟಿ ಮೇಜಿನ ಮೇಲೆ ಟೇಟಿಪಾಟ್ ತಂದಿಟ್ಟಳು. ಕುರಿಮಾಂಸ, ಆಲೂಗಡ್ಡೆ, ಕರಿ ಸಾಸೇಜು ಒಟ್ಟಿಗೆ ಬೆಂದ ಪಾತ್ರೆ, ಜೊತೆಗೆ ಕೆಂಪು ಕೋಸಿನ ಉಪ್ಪಿನಕಾಯಿ. ಎರಡು ತಟ್ಟೆ ಖಾಲಿ ಮಾಡಿದ ಮೇಲೆ ಮೇವಿಸಳಿಗೆ ಕುರಿ ನೆನಪಾಯಿತು.

"ಕೆಂಪು ಪಟ್ಟಿ, ಎರಡು?" ಲಾಂಟಿ ಚಮಚ ಕೆಳಗಿಟ್ಟ.

"ಎಡ ಪಕ್ಕೆ ಮೇಲೆ?" ಹೆಟ್ಟಿ ಕುರ್ಚಿಯಿಂದ ಎದ್ದೇಬಿಟ್ಟಳು. "ನಮ್ದೇ! ವಾರದಿಂದ ಹುಡುಕ್ತಾ ಇದ್ದೀವಿ. ಕೆಳಗಿನ ಪೊದೆಯೆಲ್ಲ ಜಾಲಾಡಿದ್ವಿ. ಆ ತಲೆಹರಟೆ ಅಷ್ಟು ಮೇಲೆ ಹತ್ತಿದೆಯಾ! ಎಲ್ಲಿ, ಜಾಗ ಹೇಳು."

"ಹೇಳೋಕೆ ಬರಲ್ಲ. ತೋರಿಸ್ತೀನಿ" ಎಂದಳು ಮೇವಿಸ್. ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಹೊಳೆಯಿತು. ಕಾರು ಬೇಡ. ನಾಳೆ ಮತ್ತೆ ಮೇಲೆ! ಇನ್ನೊಮ್ಮೆ ಫೋನು ಮಾಡಿ, ಬೆಟ್ಟ ದಾಟಿಕೊಂಡು ಮಧ್ಯಾಹ್ನಕ್ಕೆ ಬರುತ್ತೇನೆಂದು ಜಾಸನಿಗೆ ಹೇಳಿದಳು.

ಬೆಳಕು ಹರಿಯುವ ಮುಂಚೆಯೇ ಗಂಜಿ ಕುಡಿದು ಮೂವರೂ ಹೊರಟರು, ಜೊತೆಗೆ ನಾಯಿ ನೆಲ್. ಲಾಂಟಿಯ ಹೆಗಲಿಗೆ ಹಗ್ಗದ ಸುರುಳಿ, ಹೆಟ್ಟಿಯ ಕೈಯಲ್ಲಿ ಕೊಕ್ಕೆಗೋಲು. ಇಂದು ಮಂಜೇ ಇಲ್ಲ. ಚಳಿ ಮಾತ್ರ ನಿನ್ನೆಗಿಂತ ಬಿಗಿ, ಉಸಿರು ಮೂಗಿನೊಳಗೇ ಗರಿಗಟ್ಟುತ್ತಿತ್ತು. ಮೇವಿಸ್ ಮುಂದೆ, ಮಿಕ್ಕವರು ಹಿಂದೆ. ನಿನ್ನೆ ಕುರುಡಿಯಂತೆ ಇಳಿದ ತೊರೆಯನ್ನು ಇಂದು ಕಣ್ಣಾರೆ ನೋಡುತ್ತಾ ಹತ್ತಿದಳು.

ಪೇರಿಸಿದ ಕಲ್ಲು ಅಲ್ಲೇ ಇತ್ತು. ಬಗ್ಗಿ ನೋಡಿದರೆ ಕುರಿಯೂ ಇತ್ತು.

ಲಾಂಟಿ ಹಗ್ಗವನ್ನು ದೊಡ್ಡ ಬಂಡೆಗೆ ಸುತ್ತಿದ. ಆದರೆ ಕೆಳಗಿಳಿಯುವವರು ಯಾರು? ಎಳೆಯುವ ಶಕ್ತಿ ಅವನೊಬ್ಬನಿಗೇ ಇತ್ತು, ಅವನು ಇಳಿದರೆ ಎಳೆಯುವವರಿಲ್ಲ. ಹೆಟ್ಟಿಯ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿದ್ದವು.

"ನಾನಿಳೀತೀನಿ" ಎಂದಳು ಮೇವಿಸ್.

"ಬೇಡಿ, ಊರಿಂದ ಇನ್ನೊಬ್ಬರನ್ನ ಕರ್ಕೊಂಡ್ ಬರ್ತೀನಿ" ಎಂದ ಲಾಂಟಿ.

"ಅಷ್ಟರಲ್ಲಿ ಅದು ಹಾರಿಬಿಟ್ರೆ? ಇಲ್ಲಿ ಎಲ್ಲರಿಗಿಂತ ಹಗುರ ನಾನೇ. ಕಟ್ಟು."

ಹೆಟ್ಟಿ ಅವಳ ಮುಖವನ್ನೇ ದಿಟ್ಟಿಸಿ ನೋಡಿದಳು. "ಹೆದರಿಕೆ ಇಲ್ವೇನೇ ಹುಡುಗಿ?"

"ಇದೆ" ಎಂದಳು ಮೇವಿಸ್. ನಿಜವಾಗಿಯೂ ಇತ್ತು. ಎದೆ ಡೋಲು ಬಡಿಯುತ್ತಿತ್ತು. ಆದರೆ ಆ ಬಡಿತದೊಳಗೆ ಹೆದರಿಕೆ ಎಷ್ಟು, ಹಿಗ್ಗು ಎಷ್ಟು ಎಂದು ಅವಳಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಹೆಟ್ಟಿ ತಂದಿದ್ದ ಒಣಹುಲ್ಲನ್ನು ಜೇಬಿಗೆ ತುಂಬಿಕೊಂಡು, ಬಂಡೆಗೆ ಮುಖಮಾಡಿ ಇಳಿದಳು. ಬೂಟಿನ ತುದಿಗೆ ತಾಗಿ ಹಿಮದ ಗರಿಗಳು ಗಲಗಲ ಉದುರಿದವು. ಚಾಚುಗಲ್ಲಿಗೆ ಕಾಲು ತಾಗಿದಾಗ ಕುರಿ ಮೂಲೆಗೆ ಸರಿದು ಮುಂಗಾಲು ಕುಟ್ಟಿತು. ಇನ್ನೊಂದು ಹೆಜ್ಜೆ ಹಿಂದಿಟ್ಟರೆ ಮುಗಿಯಿತು.

ಮೇವಿಸ್ ಕುಕ್ಕರುಗಾಲಲ್ಲಿ ಕೂತಳು. ಅನ್ನ ಮುಟ್ಟದೆ ಹಟ ಹಿಡಿಯುವ ಮಕ್ಕಳ ಮುಂದೆ ಕೂರುವ ಹಾಗೆ. "ನಂಗೇನೂ ಅವಸರ ಇಲ್ಲಪ್ಪ. ತಿಂದ್ರೆ ತಿನ್ನು, ಬಿಟ್ರೆ ಬಿಡು. ನಾನೇ ತಿಂತೀನಿ" ಎಂದು ಒಂದು ಎಳೆ ಹುಲ್ಲನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಕುರಿಯ ಮೂಗು ಅರಳಿತು. ಕುತ್ತಿಗೆ ಚಾಚಿತು. ಹುಲ್ಲಿಗೆ ಬಾಯಿ ಹಾಕಿದ್ದೇ ತಡ, ಮೇವಿಸ್ ಅದರ ಕತ್ತಿನ ಉಣ್ಣೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಳು. ಕುರಿ ಒದೆಯಿತು, ಕೊಸರಿತು, ಅವಳ ಟೋಪಿಯನ್ನು ತಲೆಯಿಂದ ಕಿತ್ತು ಹಾರಿಸಿತು. ಟೋಪಿ ತಿರುಗುತ್ತಾ ತಿರುಗುತ್ತಾ ಕೆಳಗೆ ಹೋಯಿತು. ಎಲ್ಲಿ ಬಿತ್ತೆಂದು ಕಾಣಲೇ ಇಲ್ಲ.

"ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿ!" ಮೇಲಿನಿಂದ ಲಾಂಟಿ ಕೂಗಿದ. "ಕಟ್ಟಿದ ಮೇಲೆ ಗೋಡೆಗೆ ಅಂಟ್ಕೊಂಡು ನಿಂತ್ಕೊಳ್ಳಿ!"

ಕುರಿಯನ್ನು ಮೊಣಕಾಲಿನಿಂದ ಬಂಡೆಗೆ ಒತ್ತಿಹಿಡಿದು ಕಟ್ಟಿದಳು. ಕುರಿ ಮೂಟೆಯಂತೆ ಮೇಲೇರಿ ಹೋಯಿತು. ಹಗ್ಗವೂ ಹೋಯಿತು.

ಈಗ ಆ ಕಲ್ಲಿನ ಮೇಲೆ ಅವಳೊಬ್ಬಳೇ. ಬೆನ್ನಿಗೆ ಬಂಡೆ, ಬೂಟಿನ ಮುಂದೆ ಒಂದು ಗೇಣು ನೆಲ, ಅದರಾಚೆ ಇಡೀ ಎಸ್ಕ್‌ಡೇಲ್. ಬೆಳಗಿನ ಬಿಸಿಲು ಎದುರಿನ ಬೆಟ್ಟಗಳ ನೆತ್ತಿಗೆ ತಾಗಿ ಬಿಳಿ ಹಿಮವೆಲ್ಲ ಗುಲಾಬಿಯಾಗುತ್ತಿತ್ತು. ದೂರದಲ್ಲಿ ಸಮುದ್ರದ ಒಂದು ಬೆಳ್ಳಿ ಗೀರು. ಕೂದಲು ಗಾಳಿಗೆ ಹಾರುತ್ತಿತ್ತು, ಕಿವಿ ಉರಿಯುತ್ತಿತ್ತು. ಅವಳು ಕಣ್ಣು ಮುಚ್ಚಲಿಲ್ಲ. ಒಂದು ಕ್ಷಣವೂ ಮುಚ್ಚಲಿಲ್ಲ.

ಹಗ್ಗ ತಿರುಗಿ ಬಂತು. ಲಾಂಟಿ ಅವಳನ್ನು ಕುರಿಗಿಂತ ಮೆಲ್ಲಗೆ ಎಳೆದುಕೊಂಡ. ಮೇಲೆ ಬಂದಾಗ ಕುರಿ ಆಗಲೇ ಹೆಟ್ಟಿಯ ಕಾಲ ಬಳಿ ಹುಲ್ಲು ಮೇಯುತ್ತಿತ್ತು, ಏನೂ ನಡೆದೇ ಇಲ್ಲವೆಂಬಂತೆ.

"ಕೃತಜ್ಞತೆ ಇಲ್ಲದ ಪ್ರಾಣಿ" ಎಂದಳು ಹೆಟ್ಟಿ. ತನ್ನ ಉಣ್ಣೆಯ ಟೋಪಿ ತೆಗೆದು ಮೇವಿಸಳ ತಲೆಗೆ ತಾನೇ ಎಳೆದು ತೊಡಿಸಿದಳು, ಮಗುವಿಗೆ ತೊಡಿಸುವ ಹಾಗೆ ಕಿವಿ ಮುಚ್ಚುವಂತೆ. "ಮತ್ತೆ ದಾರಿ ತಪ್ಪಿದ್ರೆ ನಮ್ಮನೆಗೇ ತಪ್ಪು, ತಿಳೀತಾ?"

ಅವರು ಕುರಿಯನ್ನು ಹೊಡೆದುಕೊಂಡು ಕೆಳಗೆ ಇಳಿದರು. ಮೇವಿಸ್ ಮೂರು ಕೊಳದ ಹತ್ತಿರ ಬಂದು ನಿಂತಳು. ಎಡಕ್ಕೆ ಬೋಫೆಲ್‌ನ ನೆತ್ತಿ ಬಿಸಿಲಲ್ಲಿ ಮಿರಮಿರ ಮಿಂಚುತ್ತಿತ್ತು. ಎದುರಿಗೆ ಮನೆಯ ದಾರಿ. ಕಣಿವೆಯ ಮಂಜು ಚದುರಿ ಲ್ಯಾಂಗ್‌ಡೇಲಿನ ಹೊಲಗಳು ಕಾಣುತ್ತಿದ್ದವು. ಜಾಸ್ ಕಾಯುತ್ತಿರುತ್ತಾನೆ, ಬೇಗ ಹೋಗಬೇಕು ಎಂದುಕೊಂಡಳು. ಹಾಗೆಂದುಕೊಂಡು ಎಡಕ್ಕೆ ತಿರುಗಿದಳು.

ನೆತ್ತಿಯವರೆಗೂ ಬಂಡೆಗಳ ರಾಶಿ. ಕೈಕಾಲು ಎಲ್ಲ ಬಳಸಿ ಏರಿದಳು. ತುದಿಯಲ್ಲಿ ನಿಂತಾಗ ಅವಳಿಗಿಂತ ಎತ್ತರದ ಜಾಗ ಹತ್ತಿರದಲ್ಲಿ ಒಂದೆರಡೇ ಇದ್ದವು. ಉಳಿದದ್ದೆಲ್ಲ ಕಾಲ ಕೆಳಗೆ. ಕೂಗಬೇಕೆನಿಸಿತು, ಕೂಗಿದಳು. ಮಾತಲ್ಲ, ಹೆಸರಲ್ಲ, ಬರೀ ಒಂದು ಕೂಗು. ಬೆಟ್ಟಗಳು ಅದನ್ನು ಸ್ವಲ್ಪ ಹೊತ್ತು ಆಡಿಸಿ ಹಿಂತಿರುಗಿಸಿದವು.

ಇಳಿಯುವಾಗ ಹಿಮ ಕವಿದ ಹುಲ್ಲಿನ ಮೇಲೆ ಓಡಿದಳು. ಮನೆ ಮುಟ್ಟಿದಾಗ ಜಾಸ್ ಊರುಗೋಲಿಗೆ ಒರಗಿ ಗೇಟಿನ ಬಳಿ ನಿಂತಿದ್ದ. ಮೂಗು ಚಳಿಗೆ ಬೀಟ್‌ರೂಟಿನಂತೆ ಕೆಂಪಾಗಿತ್ತು.

"ಮಧ್ಯಾಹ್ನಕ್ಕೇ ಬರ್ತೀನಿ ಅಂದಿದ್ದೆ. ಎಲ್ಲಿಗೆ ಹೋಗಿದ್ದೆ?"

"ಮೇಲಕ್ಕೆ."

"ಮೇಲಕ್ಕೆ ಅಂದ್ರೆ?"

"ಇನ್ನು ಮೇಲಿಲ್ಲ ಅನ್ನೋಷ್ಟು ಮೇಲಕ್ಕೆ. ಒಳಗೆ ನಡಿ, ಚಹಾ ಹಾಕ್ತೀನಿ."

"ಚಹಾ ನಾನು ಹಾಕ್ತೀನಿ" ಎಂದ ಜಾಸ್. ಕುಂಟುತ್ತಾ ಮುಂದೆ ಹೋಗಿ, ಬಾಗಿಲ ಬಳಿ ನಿಂತು, ಅವಳಿಗೆ ದಾರಿ ಬಿಟ್ಟ. "ನೀನು ಕೂತ್ಕೊಂಡು ಮೊದಲಿಂದ ಹೇಳು. ಒಂದೂ ಬಿಡಬೇಡ."

ಮೇವಿಸ್ ಬೂಟೂ ಬಿಚ್ಚದೆ ಕೂತು, ಹೆಟ್ಟಿಯ ಟೋಪಿ ತಲೆಯ ಮೇಲಿರುವಂತೆಯೇ, ಹೇಳಲು ಶುರುಮಾಡಿದಳು.